ಅಲಾಸ್ಕ ಕ್ರೂಸ್‌ಗೆ ಬಾಲ್ಕನಿ ಕೋಣೆ: ಮೊದಲು ಕುರ್ಚಿಯ ಮಾತು, ಆಮೇಲೆ ಎಡ-ಬಲ

ಪ್ರಶ್ನೆ: ನಾವು ಮೈಸೂರಿನವರು. ಇಬ್ಬರಿಗೂ ಅರವತ್ತು ದಾಟಿದೆ. ಬರುವ ಜೂನ್‌ನಲ್ಲಿ ಸಿಯಾಟಲ್‌ನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಅಲ್ಲಿಂದ ಏಳು ರಾತ್ರಿಯ ಅಲಾಸ್ಕ ಕ್ರೂಸ್‌ಗೆ ಕರೆದುಕೊಂಡು ಹೋಗುತ್ತೇವೆ ಅಂತ ಮಗಳು, ಅಳಿಯ ಹೇಳುತ್ತಿದ್ದಾರೆ. ಬಾಲ್ಕನಿ ಇರುವ ಕೋಣೆಗೆ ಜಾಸ್ತಿ ದುಡ್ಡು. ಅಷ್ಟು ಕೊಡಬಹುದಾ? ಹಡಗಿನ ಎಡಗಡೆ ತಗೊಳ್ಳಬೇಕಾ, ಬಲಗಡೆನಾ? ನನ್ನ ಹೆಂಡತಿಗೆ ಮಂಡಿನೋವು. ಬಾಲ್ಕನಿಯಲ್ಲಿ ಕಾಲು ಚಾಚಿ ಕೂರುವಂಥ ಕುರ್ಚಿ ಇರುತ್ತಾ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ಕೊನೆಯದೇ ಮುಖ್ಯವಾದದ್ದು. ಕ್ರೂಸ್ ಬುಕಿಂಗ್ ಕೆಲಸದಲ್ಲಿ ನನ್ನ ಹತ್ತಿರ ಎಡವೋ ಬಲವೋ, ಎಂಟನೇ ಡೆಕ್ಕೋ (ಡೆಕ್ ಅಂದರೆ ಹಡಗಿನ ಮಹಡಿ) ಹತ್ತನೇ ಡೆಕ್ಕೋ ಅಂತ ಕೇಳುವವರೇ ಜಾಸ್ತಿ. ಕುರ್ಚಿ ಹೇಗಿರುತ್ತೆ ಅಂತ ಕೇಳುವವರು ಅಪರೂಪ. ಆದರೆ ನೀವು ಹೆಚ್ಚಿಗೆ ಕೊಡುವ ದುಡ್ಡೆಲ್ಲ ಹೋಗುವುದು ಆ ಕುರ್ಚಿ ಹಾಕುವ ಜಾಗಕ್ಕೇ ಅಲ್ವಾ? ಅಲ್ಲಿ ಒಂದು ಗಂಟೆ ನೆಮ್ಮದಿಯಾಗಿ ಕೂರಲು ಆಗದಿದ್ದರೆ ದೊಡ್ಡ ಕಿಟಕಿ ಇರುವ ಕೋಣೆಯೇ ಸಾಕು, ಉಳಿದ ದುಡ್ಡಲ್ಲಿ ಅಲಾಸ್ಕದ ಜೂನೋ ಅನ್ನುವ ಊರಲ್ಲಿ ತಿಮಿಂಗಿಲ ನೋಡಲು ದೋಣಿಯಲ್ಲಿ ಹೋಗಿಬರಬಹುದು.

ಮೊದಲು ದುಡ್ಡಿನ ಮಾತು ಮುಗಿಸೋಣ. ಸಿಯಾಟಲ್‌ನಿಂದ ಹೊರಡುವ ಏಳು ರಾತ್ರಿಯ ಪ್ರವಾಸದಲ್ಲಿ ಸಾಮಾನ್ಯವಾಗಿ ಕೆಚಿಕನ್, ಜೂನೋ, ಸ್ಕಾಗ್ವೇ ಅಂತ ಮೂರು ಊರು ಸಿಗುತ್ತವೆ. ಒಂದು ದಿನ ಹಿಮನದಿ. ವಾಪಸ್ ಬರುವಾಗ ಒಂದು ಸಂಜೆ ಕೆನಡಾದ ವಿಕ್ಟೋರಿಯಾ. ಉಳಿದದ್ದು ಬರೀ ಸಮುದ್ರ. ಈ ಹಡಗುಗಳು ಹೆಚ್ಚಾಗಿ ವ್ಯಾಂಕೂವರ್ ದ್ವೀಪದ ಪಶ್ಚಿಮದಿಂದ, ತೆರೆದ ಪೆಸಿಫಿಕ್ ಸಾಗರದಲ್ಲೇ ಹೋಗುತ್ತವೆ. ಹಾಗಾಗಿ ಹೊರಟ ಮಾರನೇ ದಿನ ನೀರು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಗಾಳಿ ಬೇರೆ. ಬಾಲ್ಕನಿಗೆ ಹೋದವರು ಐದು ನಿಮಿಷಕ್ಕೆ ಒಳಗೆ ಬಂದು ಬಾಗಿಲು ಹಾಕಿಕೊಳ್ಳುತ್ತಾರೆ. 'ಇದಕ್ಕಾ ಇಷ್ಟು ದುಡ್ಡು ಕೊಟ್ಟಿದ್ದು' ಅಂತ ಅನ್ನಿಸುವುದು ಆ ದಿನವೇ.

ಬಾಲ್ಕನಿಗೆ ಬೆಲೆ ಬರುವ ಹೊತ್ತು ಬೇರೆ. ಹಡಗು ಊರು ಬಿಟ್ಟು ಹೊರಡುತ್ತದಲ್ಲ, ಆ ಸಂಜೆಗಳು. ಜೂನೋ ಬಿಡುವಾಗ ಗ್ಯಾಸ್ಟಿನೋ ಚಾನೆಲ್ ಅಂತ ಕಿರಿದಾದ ನೀರಿನ ದಾರಿ ಇದೆ. ಎರಡೂ ಕಡೆ ಕಡಿದಾದ ಬೆಟ್ಟ, ಬೆಟ್ಟದಿಂದ ಇಳಿಯುವ ತೊರೆಗಳು. ಉತ್ತರದ ಕಡೆ ನೀರು ತೀರಾ ಕಮ್ಮಿ ಇರುವುದರಿಂದ ದೊಡ್ಡ ಹಡಗುಗಳು ಬಂದ ದಾರಿಯಲ್ಲೇ ದಕ್ಷಿಣಕ್ಕೆ ಹೊರಡಬೇಕು. ಬೆಳಿಗ್ಗೆ ನಿದ್ದೆಯಲ್ಲಿ ತಪ್ಪಿಸಿಕೊಂಡದ್ದನ್ನು ಸಂಜೆ ನೋಡಬಹುದು. ಸ್ಕಾಗ್ವೇಯಿಂದ ಬರುವ ಲಿನ್ ಕೆನಾಲ್ ಇನ್ನೂ ಚೆನ್ನ. ಹಿಮನದಿ ಕೊರೆದ ಕಣಿವೆಗೆ ಸಮುದ್ರ ನುಗ್ಗಿ ಆದ ಜಾಗ ಅದು. ಆಳ 600 ಮೀಟರ್ ದಾಟುತ್ತದೆ. ಜೂನ್‌ನಲ್ಲಿ ಆ ಕಡೆ ಸೂರ್ಯ ಮುಳುಗುವುದು ರಾತ್ರಿ ಹತ್ತರ ಹೊತ್ತಿಗೆ. ಊಟ ಮುಗಿಸಿಕೊಂಡು ಬಂದು ಕೂತರೂ ಇನ್ನೂ ಒಂದೆರಡು ಗಂಟೆ ಬೆಳಕು ಇರುತ್ತದೆ.

ಇನ್ನೊಂದು, ನಿಮ್ಮ ಮನೆಯವರ ಮಂಡಿನೋವು. ಯಾರೋ ತಿಮಿಂಗಿಲ ಅಂತ ಕೂಗಿದರೆ ಲಿಫ್ಟ್ ಹತ್ತಿ ಮೇಲಿನ ಡೆಕ್‌ಗೆ ಹೋಗುವಷ್ಟರಲ್ಲಿ ಅದು ಮುಳುಗಿ ಆಗಿರುತ್ತದೆ. ಅಲ್ಲಿ ಹೋದರೂ ರೇಲಿಂಗ್ ಪಕ್ಕ ಜನ ಮೂರು ಸಾಲು ನಿಂತಿರುತ್ತಾರೆ. ಸ್ವಂತ ಬಾಲ್ಕನಿ ಇದ್ದರೆ ಬಾತ್‌ರೂಮು ಹತ್ತಿರ, ಶಾಲು ಹತ್ತಿರ, ಮಾತ್ರೆ ಹತ್ತಿರ. ಮಂಡಿ ಸರಿಯಿಲ್ಲದವರಿಗೆ ಇದು ದೊಡ್ಡ ಅನುಕೂಲ.

ಮಗಳಿಗೆ ಹೇಳಿ, ಒಂದೇ ಹಡಗು, ಒಂದೇ ದಿನಾಂಕಕ್ಕೆ ಎರಡು ಬೆಲೆ ತೆಗೆಸಿ: ಕಿಟಕಿ ಇರುವ ಕೋಣೆಯದು, ಬಾಲ್ಕನಿಯದು. ತೋರಿಸುವ ಬೆಲೆ ತಲೆಗೆ ಇಷ್ಟು ಅಂತ ಇರುತ್ತದೆ, ಆದ್ದರಿಂದ ವ್ಯತ್ಯಾಸವನ್ನು ಎರಡರಿಂದ ಗುಣಿಸಿ. ನನ್ನ ಅಂದಾಜಿನಲ್ಲಿ ಇಡೀ ವಾರದಲ್ಲಿ ಬಾಲ್ಕನಿಯಲ್ಲಿ ಚೆನ್ನಾಗಿ ಕೂರುವ ಹೊತ್ತು ಒಂದು ಹದಿನೈದು ಗಂಟೆ. ಗಂಟೆಗೆ ಎಷ್ಟು ಬಿತ್ತು ಅಂತ ನೋಡಿ. ಕ್ಯಾಸಿನೊ, ನಾಟಕ, ಬೂಫೆ ಅಂತ ಓಡಾಡುವ ಹುಡುಗರಾದರೆ ಬೇಡ ಅನ್ನುತ್ತಿದ್ದೆ. ನೀವಿಬ್ಬರಾದರೆ ತಗೊಳ್ಳಿ ಅಂತಲೇ ನನ್ನ ಮಾತು.

ಈಗ ಕುರ್ಚಿ. ಸಾಮಾನ್ಯ ಬಾಲ್ಕನಿಯ ಆಳ ನಾಲ್ಕರಿಂದ ಐದು ಅಡಿ. ಅಗಲ ಕೋಣೆಯಷ್ಟೇ. ಅದರಲ್ಲಿ ಎರಡು ಕುರ್ಚಿ, ಮಧ್ಯೆ ಎರಡು ಲೋಟ ಇಡುವಷ್ಟು ಪುಟ್ಟ ಮೇಜು. ಮುಗಿಯಿತು. ಜಾಹೀರಾತಿನಲ್ಲಿ ಉದ್ದಕ್ಕೆ ಮಲಗುವ ಕುರ್ಚಿ, ಪಕ್ಕದಲ್ಲಿ ಹಣ್ಣಿನ ತಟ್ಟೆ ಇಟ್ಟ ಫೋಟೋ ನೋಡಿರುತ್ತೀರಿ. ಅದು ಹೆಚ್ಚಾಗಿ ಸೂಟ್ ಅನ್ನುವ ದೊಡ್ಡ, ದುಬಾರಿ ಕೋಣೆಯ ಬಾಲ್ಕನಿ. ಆರಡಿ ಉದ್ದದ ಕುರ್ಚಿಯನ್ನು ನಾಲ್ಕೂವರೆ ಅಡಿ ಆಳದ ಬಾಲ್ಕನಿಯಲ್ಲಿ ಸಮುದ್ರದ ಕಡೆ ಮುಖ ಮಾಡಿ ಹಾಕಲು ಆಗುವುದೇ ಇಲ್ಲ. ರೇಲಿಂಗ್‌ಗೆ ಸಮವಾಗಿ ಅಡ್ಡ ಹಾಕಬೇಕು. ಆಗ ಸಮುದ್ರ ನೋಡಲು ಇಡೀ ಹೊತ್ತು ಕತ್ತು ತಿರುಗಿಸಿಕೊಂಡು ಇರಬೇಕು.

ಕುರ್ಚಿ ಸಾಮಾನ್ಯವಾಗಿ ಅಲ್ಯೂಮಿನಿಯಂ ಚೌಕಟ್ಟು, ಅದಕ್ಕೆ ಬಿಗಿದ ಪ್ಲಾಸ್ಟಿಕ್ ನೂಲಿನ ಬಲೆ. ಮೆತ್ತೆ ಇರುವುದಿಲ್ಲ. ಇಷ್ಟು ದುಡ್ಡು ತಗೊಂಡು ಒಂದು ಮೆತ್ತೆ ಹಾಕಬಾರದಾ ಅಂತ ಬೈಯುವವರಿದ್ದಾರೆ. ಉಪ್ಪುಗಾಳಿ, ಮಳೆ ಒಂದು ಕಾರಣ. ಇನ್ನೊಂದು ಬೆಂಕಿಯ ಭಯ. 2006ರ ಮಾರ್ಚ್ 23ರಂದು ನಡುರಾತ್ರಿ ದಾಟಿದ ಮೇಲೆ, ಸ್ಟಾರ್ ಪ್ರಿನ್ಸೆಸ್ ಅನ್ನುವ ಹಡಗು ಕೆರಿಬಿಯನ್ ಸಮುದ್ರದಲ್ಲಿ ಜಮೈಕಾ ಕಡೆಗೆ ಹೋಗುತ್ತಿತ್ತು. ಯಾರೋ ಆರಿಸದೆ ಎಸೆದ ಸಿಗರೇಟು ಒಂದು ಬಾಲ್ಕನಿಯಲ್ಲಿ ಬಿದ್ದಿರಬೇಕು ಅಂತ ತನಿಖೆಯವರು ಹೇಳಿದರು. ಬಾಲ್ಕನಿಗಳ ನಡುವಿನ ತಡೆಗೋಡೆ ಪ್ಲಾಸ್ಟಿಕ್ಕು, ಕುರ್ಚಿ ಮೇಜೂ ಪ್ಲಾಸ್ಟಿಕ್ಕು. ಬೆಂಕಿ ಗಾಳಿಯ ಜೊತೆ ಬಾಲ್ಕನಿಯಿಂದ ಬಾಲ್ಕನಿಗೆ, ಡೆಕ್‌ನಿಂದ ಡೆಕ್‌ಗೆ ಏರುತ್ತಾ ಹೋಯಿತು. ನೂರಾರು ಕೋಣೆಗಳಿಗೆ ಹಾನಿಯಾಯಿತು. ಹೊಗೆಯಿಂದ ಒಬ್ಬ ಪ್ರಯಾಣಿಕರು ತೀರಿಕೊಂಡರು. ಆಮೇಲೆ ಅಂತರರಾಷ್ಟ್ರೀಯ ನಿಯಮವೇ ಬದಲಾಯಿತು. 2008ರ ಜುಲೈ 1ರಿಂದ ಜಾರಿಗೆ ಬಂದ ಆ ನಿಯಮಗಳ ಪ್ರಕಾರ ಬಾಲ್ಕನಿಯ ಪೀಠೋಪಕರಣ ಸುಲಭಕ್ಕೆ ಬೆಂಕಿ ಹಿಡಿಯದಂಥದ್ದಾಗಿರಬೇಕು, ಇಲ್ಲದಿದ್ದರೆ ಆ ಬಾಲ್ಕನಿಗೆ ನೀರು ಚಿಮುಕಿಸುವ ವ್ಯವಸ್ಥೆ, ಬೆಂಕಿ ಪತ್ತೆ ಮಾಡುವ ವ್ಯವಸ್ಥೆ ಹಾಕಬೇಕು. ಬಹಳಷ್ಟು ಕಂಪನಿಗಳು ಬಾಲ್ಕನಿಯಲ್ಲಿ ಸಿಗರೇಟು ಸೇದುವುದನ್ನೂ ನಿಲ್ಲಿಸಿವೆ.

ಇದೇ ಕಾರಣಕ್ಕೆ ಊದುಬತ್ತಿ, ದೀಪ, ಮೇಣದಬತ್ತಿ ಯಾವುದನ್ನೂ ಹಚ್ಚುವ ಹಾಗಿಲ್ಲ. ಬೆಳಿಗ್ಗೆ ಸೂರ್ಯನಿಗೆ ಕೈಮುಗಿಯಿರಿ, ಸಾಕು. ಒಗೆದ ಸೀರೆ, ಪಂಚೆಯನ್ನು ರೇಲಿಂಗ್ ಮೇಲೆ ಹರವಬೇಡಿ. ಒಂದು, ಅದು ಅಲಾಸ್ಕದ ಪಾಲಾಗುತ್ತದೆ. ಎರಡು, ಫೋನ್ ಮಾಡಿ ತೆಗೆಯಲು ಹೇಳುತ್ತಾರೆ. ಬಟ್ಟೆ ಒಣಹಾಕಲು ಬಹಳ ಹಡಗುಗಳಲ್ಲಿ ಸ್ನಾನದ ಜಾಗದಲ್ಲೇ ಎಳೆದು ಕಟ್ಟುವ ಒಂದು ತೆಳ್ಳನೆಯ ದಾರ ಇರುತ್ತದೆ, ಗೋಡೆಯಲ್ಲಿ ಬಟನ್ ಥರ ಕಾಣುತ್ತದೆ, ಹುಡುಕಿ.

ಮಂಡಿನೋವಿನ ವಿಷಯಕ್ಕೆ ಬರೋಣ. ಕಾಲು ಚಾಚುವ ಉದ್ದನೆ ಕುರ್ಚಿ ಬೇಕು ಅಂತ ನೀವು ಅಂದುಕೊಂಡಿದ್ದೀರಿ. ನಾನು ಬೇಡ ಅನ್ನುತ್ತೇನೆ. ಆ ಕುರ್ಚಿಗಳು ನೆಲಕ್ಕೆ ಹತ್ತಿರ, ಒಂದಡಿಗಿಂತ ಸ್ವಲ್ಪ ಎತ್ತರ ಇರುತ್ತವೆ ಅಷ್ಟೇ. ಕೂರುವುದು ಸುಲಭ. ಏಳುವಾಗ ಪೂರ್ತಿ ಭಾರ ಮಂಡಿಯ ಮೇಲೆ ಬೀಳುತ್ತದೆ, ಹಡಗು ಬೇರೆ ಮೆಲ್ಲಗೆ ತೂಗುತ್ತಿರುತ್ತದೆ. ಊಟದ ಕುರ್ಚಿಯಷ್ಟು ಎತ್ತರ, ಹಿಡಿದು ಏಳಲು ಗಟ್ಟಿಯಾದ ಎರಡು ಕೈ ಇರುವ ಕುರ್ಚಿ ಅವರಿಗೆ ಸರಿ. ಕಾಲಿಗೆ ಬೇರೆ ಒಂದು ಚಿಕ್ಕ ಸ್ಟೂಲ್. ಹತ್ತಿದ ಮೊದಲ ದಿನವೇ ರೂಮ್ ಅಟೆಂಡೆಂಟ್‌ಗೆ ಹೇಳಿ, ಕಾಲಿಡುವ ಸ್ಟೂಲ್ ಬೇಕು ಅಂತ. ಇದ್ದರೆ ತಂದುಕೊಡುತ್ತಾರೆ. ಮೂರನೇ ದಿನ ಕೇಳಿದರೆ ಬೇರೆ ಕೋಣೆಯವರು ತಗೊಂಡುಹೋಗಿರುತ್ತಾರೆ. ಸಿಗದಿದ್ದರೆ ಎರಡನೇ ಕುರ್ಚಿಯ ಮೇಲೆ ಕಾಲಿಡಲಿ, ನೀವು ಆಗಾಗ ಒಳಗೆ ಹೋಗಿ ಒರಗಿಕೊಳ್ಳಿ! ಅಥವಾ ಅಳಿಯಂದಿರಿಗೆ ಹೇಳಿ, ಗಾಳಿ ತುಂಬುವ ಕಾಲುದಿಂಬು ಒಂದನ್ನು ಸಿಯಾಟಲ್‌ನಲ್ಲೇ ಕೊಳ್ಳಲಿ. ಊದಿದರೆ ಸ್ಟೂಲಿನಷ್ಟಾಗುತ್ತದೆ, ಮಡಚಿದರೆ ಕೈಚೀಲಕ್ಕೆ ಹೋಗುತ್ತದೆ.

ಇನ್ನು ಯಾರೂ ಹೇಳದ ಒಂದು ವಿಷಯ ಇದೆ, ರೇಲಿಂಗ್ ಎತ್ತರ. 2010ರಲ್ಲಿ ಅಮೆರಿಕದಲ್ಲಿ ಕ್ರೂಸ್ ಹಡಗುಗಳ ಸುರಕ್ಷತೆಗೆ ಅಂತ ಒಂದು ಕಾನೂನು ಬಂತು. ಅದರ ಪ್ರಕಾರ ರೇಲಿಂಗ್ ಕನಿಷ್ಠ 42 ಇಂಚು ಎತ್ತರ ಇರಬೇಕು. ಒಳ್ಳೆಯದೇ. ಆದರೆ ಕೂತವರ ಕಣ್ಣಿಗೆ ಇದರಿಂದ ಏನಾಗುತ್ತದೆ ಅಂತ ಮನೆಯಲ್ಲೇ ಅಳತೆ ಮಾಡಿ ನೋಡಬಹುದು. ಟೇಪ್ ತಗೊಳ್ಳಿ. ಗೋಡೆಯ ಮೇಲೆ ನೆಲದಿಂದ 42 ಇಂಚಿಗೆ ಒಂದು ಗುರುತು ಹಾಕಿ. ನಿಮ್ಮ ಮನೆಯವರನ್ನು ಊಟದ ಕುರ್ಚಿಯ ಮೇಲೆ ನೆಟ್ಟಗೆ ಕೂರಿಸಿ. ಕುರ್ಚಿಯ ಎತ್ತರ 18 ಇಂಚು. ಐದಡಿ ಎತ್ತರದವರಾದರೆ ಕೂತಾಗ ಕುರ್ಚಿಯಿಂದ ಕಣ್ಣಿಗೆ ಸುಮಾರು 26 ಇಂಚು. ಒಟ್ಟು 44. ರೇಲಿಂಗ್‌ಗಿಂತ ಎರಡೇ ಇಂಚು ಮೇಲೆ. ಈಗ ಬೆನ್ನು ಹಿಂದಕ್ಕೆ ಒರಗಿಸಲು ಹೇಳಿ. ಕಣ್ಣು ಎರಡು ಇಂಚು ಕೆಳಗೆ ಬಂತು. ಬಲೆಯ ಕುರ್ಚಿ ಭಾರಕ್ಕೆ ಇನ್ನೂ ಒಂದಿಂಚು ಬಗ್ಗುತ್ತದೆ. ಅಂದರೆ ರೇಲಿಂಗ್‌ನ ದಪ್ಪ ಕೊಳವೆ ಅವರ ಕಣ್ಣಿಗೆ ಸರಿಯಾಗಿ ಅಡ್ಡ ಬರುತ್ತದೆ. ಬೆಟ್ಟದ ತುದಿ ಕಾಣುತ್ತದೆ, ರೇಲಿಂಗ್ ಕೆಳಗಿನ ಗಾಜಿನ ಮೂಲಕ ಹತ್ತಿರದ ನೀರು ಕಾಣುತ್ತದೆ, ತಿಮಿಂಗಿಲ ಏಳುವ ದೂರದ ನೀರಿನ ಗೆರೆ ಮಾತ್ರ ಕೊಳವೆಯ ಹಿಂದೆ. ಉದ್ದನೆ ಕುರ್ಚಿಯಲ್ಲಿ ಮಲಗಿದರೆ ಇದೂ ಇಲ್ಲ, ಬರೀ ಗಾಜು.

ಪರಿಹಾರ ದೊಡ್ಡದಲ್ಲ. ಮೂರು ಇಂಚಿನ ಗಟ್ಟಿ ಕುಶನ್ ಒಂದು. ನೆಲದಿಂದ ಎತ್ತರವಾದಷ್ಟೂ ಮಂಡಿಗೂ ಒಳ್ಳೆಯದು, ಏಳುವುದು ಸುಲಭ. ಕೋಣೆಯ ಹಾಸಿಗೆಯ ದಿಂಬು ಹೊರಗೆ ಹಾಕಬೇಡಿ, ಕುರ್ಚಿ ಬೆಳಿಗ್ಗೆ ಹೊತ್ತು ಉಪ್ಪುನೀರಿನ ಇಬ್ಬನಿಯಲ್ಲಿ ಅಂಟಂಟಾಗಿರುತ್ತದೆ. ಒಂದು ಹಳೇ ಟವೆಲ್ ಅದಕ್ಕೇ ಅಂತ ಇಟ್ಟುಕೊಳ್ಳಿ, ಕೂರುವ ಮುಂಚೆ ಒರೆಸಿ.

ಇದರಿಂದಲೇ ಕೋಣೆ ಆರಿಸುವ ಮೊದಲ ನಿಯಮ ಗೊತ್ತಾಗುತ್ತದೆ. ರೇಲಿಂಗ್ ಕೆಳಗೆ ಗಾಜು ಇದೆಯೋ, ಉಕ್ಕಿನ ಗೋಡೆಯೋ ಅಂತ ನೋಡಿ. ಹಲವು ಹಡಗುಗಳಲ್ಲಿ ಕೆಳಗಿನ ಡೆಕ್‌ನಲ್ಲಿ, ಮುಂಭಾಗದಲ್ಲಿ ಇರುವ ಕೆಲವು ಬಾಲ್ಕನಿಗಳಿಗೆ ಗಾಜಿನ ಬದಲು ಬಿಳಿ ಬಣ್ಣ ಹೊಡೆದ ಉಕ್ಕಿನ ಗೋಡೆ ಇರುತ್ತದೆ. ನಿಂತರೆ ಎಲ್ಲ ಕಾಣುತ್ತದೆ, ಕೂತರೆ ಬಣ್ಣ ಹೊಡೆದ ಗೋಡೆ. ಬೆಲೆ ಸ್ವಲ್ಪ ಕಮ್ಮಿ ಇರಬಹುದು. ನಿಂತುಕೊಂಡೇ ನೋಡುವವರಿಗೆ ಅದು ಲಾಭ, ನಿಮಗೆ ನಷ್ಟ. ಹಡಗನ್ನು ಪಕ್ಕದಿಂದ ತೆಗೆದ ಫೋಟೋ ನೆಟ್‌ನಲ್ಲಿ ಹುಡುಕಿ ದೊಡ್ಡದು ಮಾಡಿ ನೋಡಿದರೆ ಯಾವ ಡೆಕ್‌ಗೆ ಗಾಜು, ಯಾವುದಕ್ಕೆ ಉಕ್ಕು ಅಂತ ಸ್ಪಷ್ಟವಾಗಿ ಕಾಣುತ್ತದೆ. ಯಾವ ಕೋಣೆ ಎಲ್ಲಿದೆ ಅಂತ ತೋರಿಸುವ ನಕ್ಷೆ, ಅಂದರೆ ಡೆಕ್ ಪ್ಲಾನ್‌ಗಿಂತ ಆ ಫೋಟೋವನ್ನು ನಾನು ಜಾಸ್ತಿ ನಂಬುತ್ತೇನೆ. ಗಾಜಿನ ಮೇಲೆ ಉಪ್ಪಿನ ಕಲೆ ಕೂತಿದ್ದರೆ ಒರೆಸಿಕೊಡಲು ರೂಮ್ ಅಟೆಂಡೆಂಟ್‌ಗೆ ಹೇಳಿ, ಸಂಕೋಚ ಬೇಡ.

ಎರಡನೆಯದು ತಲೆ ಮೇಲಿನ ಸೂರು. ಬಿಸಿಲಿನ ಊರಿಗೆ ಹೋಗುವವರು ತೆರೆದ ಬಾಲ್ಕನಿ ಹುಡುಕುತ್ತಾರೆ. ನೀವು ಹೋಗುವುದು ಮಳೆಯ ಊರಿಗೆ. ಕೆಚಿಕನ್‌ನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ. ಆಗುಂಬೆಯಷ್ಟಲ್ಲ, ಆದರೂ ಛತ್ರಿ ಬಿಟ್ಟು ಹೊರಡುವ ಊರಲ್ಲ ಅದು. ಕೆಲವು ಹಡಗುಗಳಲ್ಲಿ ಡೆಕ್‌ಗಳು ಮೆಟ್ಟಿಲಿನ ಹಾಗೆ ಹಿಂದೆ ಸರಿದಿರುತ್ತವೆ. ಆಗ ಕೆಳಗಿನ ಬಾಲ್ಕನಿ ದೊಡ್ಡದು, ಆದರೆ ಸೂರಿಲ್ಲ. ಮೇಲಿನವರಿಗೆ ನಿಮ್ಮ ಕಾಫಿ ಲೋಟವೂ ಕಾಣುತ್ತದೆ. ಪ್ರಿನ್ಸೆಸ್ ಕಂಪನಿಯ ಗ್ರ್ಯಾಂಡ್ ವರ್ಗದ ಹಡಗುಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಅಲ್ಲಿ ಡಾಲ್ಫಿನ್ ಡೆಕ್‌ನ ಮಿನಿ ಸೂಟ್‌ಗಳಿಗೆ ಸೂರಿಲ್ಲ. ಅದರ ಮೇಲಿನ ಕೆರೀಬ್ ಡೆಕ್‌ನಲ್ಲಿ ಅರ್ಧಕ್ಕೆ ಸೂರು, ಅರ್ಧ ಬಯಲು, ಜಾಗವೂ ದೊಡ್ಡದು. ಅದರ ಮೇಲಿನ ಬಾಹಾ ಡೆಕ್‌ನಲ್ಲಿ ಪೂರ್ತಿ ಸೂರು, ಜಾಗ ಕಮ್ಮಿ. ಈ ವರ್ಗದ ಹಡಗು ಸಿಕ್ಕರೆ ನಾನು ಕಣ್ಣುಮುಚ್ಚಿಕೊಂಡು ಕೆರೀಬ್ ಅನ್ನುತ್ತೇನೆ. ಮಳೆ ಬಂದರೆ ಕುರ್ಚಿ ಹಿಂದಕ್ಕೆ ಎಳೆದುಕೊಳ್ಳಬಹುದು, ಬಿಸಿಲು ಬಂದರೆ ಮುಂದಕ್ಕೆ. ಇದೇ ಕಂಪನಿಯ ಹೊಸ ರಾಯಲ್ ವರ್ಗದ ಹಡಗುಗಳಲ್ಲಿ ಬಾಲ್ಕನಿಗಳು ಒಂದರ ಮೇಲೊಂದು ನೆಟ್ಟಗೆ ಇವೆ. ಸೂರು ಸಿಗುತ್ತದೆ, ಜಾಗ ಇಕ್ಕಟ್ಟು.

ಇನ್ನೂ ಒಂದು ಬಗೆ ಇದೆ. ಸೆಲೆಬ್ರಿಟಿ ಕಂಪನಿ 2018ರಲ್ಲಿ ಎಡ್ಜ್ ಹಡಗಿನೊಂದಿಗೆ ತಂದದ್ದು. ಅಲ್ಲಿ ಹೊರಗೆ ಚಾಚಿದ ಬಾಲ್ಕನಿಯೇ ಇಲ್ಲ. ಕೋಣೆ ಹೊರಗೋಡೆಯವರೆಗೂ ಹೋಗುತ್ತದೆ. ಬಟನ್ ಒತ್ತಿದರೆ ಗಾಜಿನ ಮೇಲರ್ಧ ಕೆಳಗಿಳಿಯುತ್ತದೆ. ಸಮುದ್ರವನ್ನೇ ಉಸಿರಾಡಬೇಕು ಅನ್ನುವವರು ಇದನ್ನು ಬೈಯುತ್ತಾರೆ. ನನಗನ್ನಿಸುವುದು, ಅಲಾಸ್ಕದ ಚಳಿಗೆ, ವಯಸ್ಸಾದವರಿಗೆ ಇದು ಕೆಟ್ಟದ್ದೇನಲ್ಲ. ಗಾಜು ಮುಚ್ಚಿಕೊಂಡು ಬೆಚ್ಚಗೆ ಕೂತು ನೋಡಬಹುದು. ಗಾಜು ಇಳಿಸಿದಾಗ ಮಾತ್ರ ಗಾಳಿ ಇಡೀ ಕೋಣೆಗೆ ಬರುತ್ತದೆ. ಒಬ್ಬರಿಗೆ ಗಾಳಿ ಬೇಕು, ಇನ್ನೊಬ್ಬರಿಗೆ ನಿದ್ದೆ ಬೇಕು ಅಂದರೆ ಮನೆಯಲ್ಲಿ ಜಗಳ.

ಗಾಳಿ ಅಂದೆನಲ್ಲ, ಅದನ್ನು ಕಮ್ಮಿ ಅಂದಾಜು ಮಾಡಬೇಡಿ. ಹಡಗು 20 ನಾಟ್ ವೇಗದಲ್ಲಿ ಹೋಗುವಾಗ ಬಯಲಿನಲ್ಲಿ ಗಾಳಿಯೇ ಇಲ್ಲದಿದ್ದರೂ ನಿಮ್ಮ ಮುಖಕ್ಕೆ ಗಂಟೆಗೆ 37 ಕಿಲೋಮೀಟರ್ ಗಾಳಿ. ಎದುರುಗಾಳಿ ಇದ್ದರೆ ಅದೂ ಸೇರಿಕೊಳ್ಳುತ್ತದೆ. ಮುಂಭಾಗದ ಬಾಲ್ಕನಿಗಳಲ್ಲಿ ಇದು ಜಾಸ್ತಿ. ಕೋಣೆಗಳ ಸಾಲು ಸ್ವಲ್ಪ ಹೊರಗೆ ಉಬ್ಬಿ ಮತ್ತೆ ಒಳಗೆ ತಿರುಗುವ ಜಾಗ ಡೆಕ್ ಪ್ಲಾನ್‌ನಲ್ಲಿ ಕಾಣುತ್ತದೆ. ಆ ತಿರುವಿನಲ್ಲಿ ಹಿಂದಕ್ಕೆ ಮುಖ ಮಾಡಿದ ಬಾಲ್ಕನಿ ಸಿಕ್ಕರೆ ಗಾಳಿ ತಪ್ಪುತ್ತದೆ, ನೋಟವೂ ಅಗಲ. ಹಡಗಿನ ಬಾಲದ ಕಡೆಯ ಬಾಲ್ಕನಿಗಳನ್ನು ಇಷ್ಟಪಡುವವರು ಬಹಳ ಜನ. ಗಾಳಿ ಕಮ್ಮಿ, ಜಾಗ ಸಾಮಾನ್ಯವಾಗಿ ದೊಡ್ಡದು, ಹಡಗು ಬಿಟ್ಟುಬಂದ ನೀರಿನ ಹಾದಿ ನೋಡುತ್ತಾ ಕೂರಬಹುದು. ಆದರೆ ನಿಮಗೆ ನಾನು ಅದನ್ನು ಹೇಳುವುದಿಲ್ಲ. ಈ ಹಡಗುಗಳು 300 ಮೀಟರ್ ಹತ್ತಿರ ಉದ್ದ. ತುದಿಯ ಕೋಣೆಯಿಂದ ಮುಂಭಾಗದ ಥಿಯೇಟರ್‌ಗೆ ಹೋಗಿಬರುವುದೇ ಒಂದು ವಾಕಿಂಗ್. ತೂಗಾಟವೂ ತುದಿಗಳಲ್ಲೇ ಜಾಸ್ತಿ. ಜೊತೆಗೆ ಯಂತ್ರದ ನಡುಕ.

ಹಡಗಿನ ಮಧ್ಯಭಾಗ, ತುಂಬಾ ಮೇಲಲ್ಲದ ಡೆಕ್, ಲಿಫ್ಟ್‌ನಿಂದ ನಾಲ್ಕೈದು ಬಾಗಿಲು ಆಚೆ, ಇದು ನಿಮ್ಮ ಜಾಗ. ಲಿಫ್ಟ್ ಎದುರಿಗೇ ಬೇಡ, ರಾತ್ರಿ ಹನ್ನೆರಡಕ್ಕೂ ಜನ ನಗುತ್ತಾ ನಿಂತಿರುತ್ತಾರೆ. ಮೇಲೂ ಕೆಳಗೂ ಕೋಣೆಗಳೇ ಇರುವ ಡೆಕ್ ಆರಿಸಿ. ನಿಮ್ಮ ತಲೆ ಮೇಲೆ ಈಜುಕೊಳವೋ ಬೂಫೆಯೋ ಇದ್ದರೆ ಬೆಳಗಿನ ಜಾವ ಐದಕ್ಕೆ ಕುರ್ಚಿ ಎಳೆಯುವ ಸದ್ದು ಶುರು. ಲೈಫ್‌ಬೋಟ್ ಇರುವ ಡೆಕ್ ಯಾವುದು ಅಂತಲೂ ನೋಡಿಕೊಳ್ಳಿ. ನೋಟಕ್ಕೆ ಅಡ್ಡಿಯಿದೆ ಅಂತ ಬರೆದು ಅಗ್ಗಕ್ಕೆ ಕೊಡುವ ಕೋಣೆಗಳು ಅಲ್ಲಿರುತ್ತವೆ. ಕೆಲವು ಕಡೆ ದೋಣಿಯ ತಲೆ ಮಾತ್ರ ಕಾಣುತ್ತದೆ, ಕೆಲವು ಕಡೆ ಇಡೀ ದೋಣಿಯೇ ಮುಖದ ಮುಂದೆ. ಕೋಣೆಯ ನಂಬರ್ ಇಟ್ಟುಕೊಂಡು ಫೋಟೋ ಹುಡುಕದೆ ತಗೊಳ್ಳಬೇಡಿ. ಹಾಗೇ, ಕೋಣೆ ಯಾವುದು ಅಂತ ಕಂಪನಿಯೇ ಆಮೇಲೆ ನಿರ್ಧರಿಸುವ ಅಗ್ಗದ ಟಿಕೆಟ್ ಇರುತ್ತದೆ. ಅದು ನಿಮಗಲ್ಲ. ಇಷ್ಟೆಲ್ಲ ನೋಡಿ ಆರಿಸುವ ಹಕ್ಕನ್ನೇ ಅದರಲ್ಲಿ ಬಿಟ್ಟುಕೊಟ್ಟ ಹಾಗೆ.

ಎಡವೋ ಬಲವೋ? ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರುವ ಪ್ರವಾಸದಲ್ಲಿ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹೋಗುವಾಗ ಬಲಗಡೆ ನೆಲ, ಬರುವಾಗ ಎಡಗಡೆ ನೆಲ, ಲೆಕ್ಕ ಸರಿಹೋಗುತ್ತದೆ. ಕಿರಿದಾದ ದಾರಿಗಳಲ್ಲಿ ಎರಡೂ ಕಡೆ ಬೆಟ್ಟ. ವ್ಯಾಂಕೂವರ್‌ನಿಂದ ಉತ್ತರಕ್ಕೆ ಒಂದೇ ದಿಕ್ಕಿನಲ್ಲಿ ಹೋಗಿ ಅಲಾಸ್ಕದ ವಿಟಿಯರ್ ಅಥವಾ ಸೂವರ್ಡ್ ಬಂದರಿನಲ್ಲಿ ಇಳಿದುಬಿಡುವ ಪ್ರವಾಸವಾದರೆ ಮಾತ್ರ ಬಲಗಡೆ ಮೇಲು. ಅದೇ ದಾರಿ ದಕ್ಷಿಣಕ್ಕೆ ಬರುವುದಾದರೆ ಎಡಗಡೆ. ಹಿಮನದಿಯ ಮುಂದೆ ಎಡ-ಬಲದ ಭೇದ ಇಲ್ಲವೇ ಇಲ್ಲ. ಗ್ಲೇಸಿಯರ್ ಬೇ ಅನ್ನುವ ಕೊಲ್ಲಿಯಲ್ಲಿ ಮಾರ್ಜರಿ ಹಿಮನದಿಯ ಎದುರು ಹಡಗು ನಿಧಾನಕ್ಕೆ ಪೂರ್ತಿ ತಿರುಗುತ್ತದೆ, ಎರಡೂ ಕಡೆಯವರಿಗೆ ಕಾಣಲಿ ಅಂತ. ಹಿಮದ ಗೋಡೆಯಿಂದ ಚೂರು ಬೀಳುವುದು ಮೊದಲು ಕಣ್ಣಿಗೆ ಕಾಣುತ್ತದೆ. ಒಂದು ಕಿಲೋಮೀಟರ್ ದೂರ ಇದ್ದರೆ ಸದ್ದು ಬರಲು ಮೂರು ಸೆಕೆಂಡ್. ಸದ್ದು ಕೇಳಿದ ಮೇಲೆ ತಿರುಗಿದವರಿಗೆ ಬರೀ ನೀರಿನ ಅಲೆ. ಹಾಗಾಗಿ ಫೋನ್ ಕೆಳಗಿಟ್ಟು ಸುಮ್ನೆ ಗೋಡೆಯನ್ನೇ ನೋಡುತ್ತಾ ಕೂರಿ.

ನಿಜ ಹೇಳಬೇಕಂದರೆ ಎಡ-ಬಲಕ್ಕಿಂತ ಯಾವ ಹಿಮನದಿ ಅನ್ನುವುದೇ ದೊಡ್ಡ ಪ್ರಶ್ನೆ. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನ. ದಿನಕ್ಕೆ ಎರಡೇ ಕ್ರೂಸ್ ಹಡಗಿಗೆ ಅನುಮತಿ. ಹಾಲೆಂಡ್ ಅಮೆರಿಕ, ಪ್ರಿನ್ಸೆಸ್, ನಾರ್ವೇಜಿಯನ್ ಕಂಪನಿಗಳ ಹಲವು ಹಡಗುಗಳು ಅಲ್ಲಿಗೆ ಹೋಗುತ್ತವೆ. ಉದ್ಯಾನದ ರೇಂಜರ್‌ಗಳು ಚಿಕ್ಕ ದೋಣಿಯಲ್ಲಿ ಬಂದು ಹಡಗು ಹತ್ತಿ ಮೈಕ್‌ನಲ್ಲಿ ವಿವರಣೆ ಕೊಡುತ್ತಾರೆ. ಬೇರೆ ಕಂಪನಿಗಳು ಹೆಚ್ಚಾಗಿ ಎಂಡಿಕಾಟ್ ಆರ್ಮ್ ಅನ್ನುವ ಕಿರಿದಾದ ಕೊಲ್ಲಿಯ ಡಾಸ್ ಹಿಮನದಿಗೋ ಹಬರ್ಡ್ ಹಿಮನದಿಗೋ ಕರೆದೊಯ್ಯುತ್ತವೆ. ಅವೂ ಚೆನ್ನಾಗಿವೆ. ಆದರೆ ಬಾಲ್ಕನಿಯಲ್ಲಿ ಗಂಟೆಗಟ್ಟಲೆ ಕೂತು ನೋಡುವವರಿಗೆ ಗ್ಲೇಸಿಯರ್ ಬೇ ಪೂರ್ತಿ ಒಂದು ದಿನದ ಊಟ. ಬಾಲ್ಕನಿಗೆ ದುಡ್ಡು ಕೊಡುವುದೇ ಆದರೆ ಈ ದಾರಿಯ ಹಡಗು ಹುಡುಕಿ.

ಆ ದಿನ ಮಂಕಿ ಕ್ಯಾಪ್, ಉಣ್ಣೆ ಕಾಲುಚೀಲ, ಕೈಗವಸು ಎಲ್ಲ ಹಾಕಿಕೊಳ್ಳಿ. ಜೂನ್‌ನಲ್ಲಿ ಜೂನೋದ ಹಗಲು 16-17 ಡಿಗ್ರಿ ಇರಬಹುದು, ಹಿಮದ ಮುಂದೆ ಕೂತಾಗ ಅದಕ್ಕಿಂತ ಬಹಳ ಕಮ್ಮಿ. ಹಿಂದಿನ ರಾತ್ರಿಯೇ ಒಂದು ಹೆಚ್ಚುವರಿ ಕಂಬಳಿ ಕೇಳಿ ಇಟ್ಟುಕೊಳ್ಳಿ. ಕುರ್ಚಿಯ ಬಲೆಯ ಮೂಲಕ ಕೆಳಗಿನಿಂದ ಚಳಿ ಹೊಡೆಯುತ್ತದೆ. ಕಂಬಳಿಯನ್ನು ಮೇಲೆ ಹೊದೆಯುವ ಮುಂಚೆ ಕೆಳಗೆ ಹಾಸಿ. ಕಾಫಿಗೆ ಕೆಟಲ್ ತಗೊಂಡುಹೋಗುವ ಹಾಗಿಲ್ಲ, ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ಸ್ಟೀಲ್ ಫಿಲ್ಟರ್‌ಗೆ ಯಾರ ಅಡ್ಡಿಯೂ ಇಲ್ಲ. ಪುಡಿ ನಿಮ್ಮದು, ಬಿಸಿನೀರು ಮತ್ತು ಹಾಲು ರೂಮ್ ಸರ್ವಿಸ್‌ನದು. ರಾತ್ರಿ ಮಲಗುವ ಮುಂಚೆ ಡಿಕಾಕ್ಷನ್ ಇಳಿಸಿಟ್ಟರೆ ಬೆಳಿಗ್ಗೆ ಆರಕ್ಕೆ ಬಾಲ್ಕನಿ ನಿಮ್ಮದೇ.

ಬಾಲ್ಕನಿಯ ಬಾಗಿಲ ಬಗ್ಗೆ ಎಚ್ಚರ. ಭಾರವಾಗಿರುತ್ತದೆ. ಯಾರಾದರೂ ಕಾರಿಡಾರ್ ಬಾಗಿಲು ತೆಗೆದ ಹೊತ್ತಿಗೇ ಬಾಲ್ಕನಿ ಬಾಗಿಲೂ ತೆರೆದಿದ್ದರೆ ಗಾಳಿ ನುಗ್ಗಿ ದಢಾರನೆ ಹೊಡೆದುಕೊಳ್ಳುತ್ತದೆ. ಬೆರಳು ಚೌಕಟ್ಟಿನಲ್ಲಿ ಇರಬಾರದು. ಇಬ್ಬರೂ ಒಂದು ಪದ್ಧತಿ ಮಾಡಿಕೊಳ್ಳಿ: ಒಂದು ಬಾಗಿಲು ಮುಚ್ಚಿದ ಮೇಲೇ ಇನ್ನೊಂದು. ಮತ್ತೆ, ನೀರು ಒಳಗೆ ಬರದಿರಲಿ ಅಂತ ಅಲ್ಲಿ ಹೊಸ್ತಿಲು ಎತ್ತರ ಇರುತ್ತದೆ. ಕೆಲವು ಹಡಗುಗಳಲ್ಲಿ ನಾಲ್ಕೈದು ಇಂಚು. ಹೋಗುವಾಗ ನೆನಪಿರುತ್ತದೆ, ರಾತ್ರಿ ಕತ್ತಲಲ್ಲಿ ಒಳಗೆ ಬರುವಾಗ ಮರೆಯುತ್ತದೆ. ನಿಮ್ಮ ಮನೆಯವರಿಗೆ ಕಾಲೆತ್ತುವುದು ನಿಜಕ್ಕೂ ಕಷ್ಟ, ಗಾಲಿಕುರ್ಚಿ ಬೇಕಾಗುತ್ತದೆ ಅಂತಿದ್ದರೆ ಹೊಸ್ತಿಲ ಬದಲು ಇಳಿಜಾರು ಇರುವ ಕೋಣೆಗಳಿವೆ, ಬುಕಿಂಗ್ ಮಾಡುವಾಗಲೇ ಹೇಳಬೇಕು. ಸಂಖ್ಯೆ ಬಹಳ ಕಮ್ಮಿ, ಅಗತ್ಯ ಇರುವವರಿಗೇ ಸಿಗಲಿ. ಬರೀ ಜಾಗ ದೊಡ್ಡದು ಅಂತ ಅದನ್ನು ಕೇಳಬೇಡಿ.

ಮಗಳು-ಅಳಿಯ ಪಕ್ಕದ ಕೋಣೆ ತಗೊಳ್ಳುತ್ತಾರಾದರೆ ಎರಡು ಬಾಲ್ಕನಿಗಳ ನಡುವಿನ ತಡೆಗೋಡೆ ತೆಗೆಯಲು ಬರುತ್ತದಾ ಅಂತ ಬುಕಿಂಗ್ ಮುಂಚೆ ಕೇಳಲಿ. ಬಹಳ ಹಡಗುಗಳಲ್ಲಿ ಅದಕ್ಕೆ ಬಾಗಿಲಿನ ಥರ ಬೀಗ ಇರುತ್ತದೆ, ರೂಮ್ ಅಟೆಂಡೆಂಟ್ ತೆಗೆದುಕೊಡುತ್ತಾರೆ. ಆಗ ನಾಲ್ಕು ಕುರ್ಚಿ ಒಂದೇ ಸಾಲಿಗೆ ಬರುತ್ತವೆ. ಎಲ್ಲ ಜೋಡಿ ಕೋಣೆಗಳಲ್ಲೂ ಇದು ಆಗುವುದಿಲ್ಲ, ನಂಬರ್ ಹೇಳಿಯೇ ಕೇಳಬೇಕು. ಮೊಮ್ಮಕ್ಕಳು ಬರುತ್ತಾರಾದರೆ ಕುರ್ಚಿ, ಮೇಜು ಯಾವಾಗಲೂ ರೇಲಿಂಗ್‌ನಿಂದ ದೂರ, ಕೋಣೆಯ ಗೋಡೆಗೆ ಒತ್ತಿ ಇರಲಿ. ಕುರ್ಚಿಯ ಮೇಲೆ ಹತ್ತಿದ ಮಗುವಿಗೆ 42 ಇಂಚಿನ ರೇಲಿಂಗ್ ಸೊಂಟದ ಹತ್ತಿರಕ್ಕೆ ಮಾತ್ರ ಬರುತ್ತದೆ. ಮಕ್ಕಳು ಒಳಗಿರುವಾಗ ಬಾಗಿಲ ಮೇಲಿನ ಚಿಲಕ ಹಾಕಿಯೇ ಇಡಿ.

ನೀವು ಕೇಳದಿದ್ದರೂ ಒಂದು ಹೇಳಬೇಕು, ವೀಸಾ. ಈ ಹಡಗುಗಳು ಹೆಚ್ಚಾಗಿ ವಿಕ್ಟೋರಿಯಾದಲ್ಲಿ ಒಂದು ಸಂಜೆ ನಿಲ್ಲುವುದು ಊರು ಚೆಂದ ಅಂತ ಮಾತ್ರ ಅಲ್ಲ. 1886ರ ಒಂದು ಅಮೆರಿಕನ್ ಕಾನೂನು ಇನ್ನೂ ಜಾರಿಯಲ್ಲಿದೆ. ಬೇರೆ ದೇಶದಲ್ಲಿ ನೋಂದಣಿಯಾದ ಹಡಗು ಅಮೆರಿಕದ ಬಂದರಿನಿಂದ ಹೊರಟು ಅಲ್ಲಿಗೇ ವಾಪಸಾಗುವಾಗ ನಡುವೆ ಒಂದಾದರೂ ವಿದೇಶಿ ಬಂದರು ಮುಟ್ಟಬೇಕು. ದೊಡ್ಡ ಕ್ರೂಸ್ ಹಡಗುಗಳು ಬಹುಪಾಲು ಬಹಾಮಾಸ್, ಬರ್ಮುಡಾ, ಪನಾಮಾದಂಥ ಕಡೆ ನೋಂದಣಿಯಾದವು. ಹಾಗಾಗಿ ಕೆನಡಾ ತಪ್ಪಿದ್ದಲ್ಲ. ಭಾರತದ ಪಾಸ್‌ಪೋರ್ಟ್ ಇರುವ ನಿಮಗೆ ಕೆನಡಾದ ವೀಸಾ ಬೇಕು. ವಿಕ್ಟೋರಿಯಾದಲ್ಲಿ ಇಳಿಯುವುದೇ ಇಲ್ಲ, ಹಡಗಿನಲ್ಲೇ ಕೂತಿರುತ್ತೇವೆ ಅಂದರೂ ಕಂಪನಿಯವರು ಹತ್ತುವಾಗಲೇ ಕೇಳುತ್ತಾರೆ. ನಿಮ್ಮ ಅಮೆರಿಕ ವೀಸಾದ ಮೇಲೆ ಎಂಟ್ರೀಸ್ ಅನ್ನುವ ಕಡೆ 'ಎಂ' ಅಕ್ಷರ (ಹಲವು ಸಲ ಒಳಗೆ ಬರಬಹುದು ಅಂತ ಅರ್ಥ) ಇದೆಯಾ ನೋಡಿಕೊಳ್ಳಿ, ಕೆನಡಾ ಮುಟ್ಟಿ ಮತ್ತೆ ಅಮೆರಿಕದ ಒಳಗೆ ಬರಬೇಕಲ್ಲ. ಕೆನಡಾ ವೀಸಾಗೆ ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಿಬರಬೇಕಾಗಬಹುದು, ಜೂನ್ ಪ್ರವಾಸಕ್ಕೆ ತಿಂಗಳುಗಳ ಮುಂಚೆಯೇ ಅರ್ಜಿ ಹಾಕಿ. ಕೋಣೆಯ ನಂಬರ್‌ಗಳ ಬಗ್ಗೆ ಅನುಮಾನ ಇದ್ದರೆ ಹಡಗಿನ ಹೆಸರು, ಡೆಕ್, ನಂಬರ್ ಮೂರನ್ನೂ ಬರೆದು ಕಳಿಸಿ, ಗಾಜೋ ಉಕ್ಕೋ, ಸೂರು ಇದೆಯೋ ಇಲ್ಲವೋ ನೋಡಿ ಹೇಳುತ್ತೇನೆ.